ಕೇದಿಗೆಯ ಎಡಗೈ

ಗುಳೇದಗುಡ್ಡ,
ಫೆಬ್ರವರಿ ೩೦, ೨೧೬೪

ನಮಗಿಂತ ಮೊದಲು ಈ ನೆಲದ ಮೇಲೆ ನಡೆದವರಿಗೆ,

ಮೇಲಿನ ತಾರೀಖನ್ನು ನೋಡಿ, ಬರೆದವಳಿಗೆ ಪಂಚಾಂಗ ತಿಳಿಯದೆಂದು ತೀರ್ಮಾನಿಸಬೇಡಿರಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳುಗಳಿಗೂ ಮೂವತ್ತೇ ದಿನ. ಮಿಕ್ಕ ಐದಾರು ದಿನಗಳು ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಯಲ್ಲಿ ಬಿಡಿಯಾಗಿ ನಿಲ್ಲುತ್ತವೆ. ಇಂಥ ಇನ್ನೂ ಕೆಲವು ವಿಷಯಗಳು, ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವೆನಿಸಬಹುದು. ಅದಕ್ಕಾಗಿ ಕ್ಷಮೆ ಕೇಳುತ್ತೇನೆ. ಹೊಸ ಮಾತು ಬಂದಲ್ಲೇ ಅದರ ಅರ್ಥ ಹೇಳುತ್ತೇನೆ. ಮೂವತ್ತೇಳು ವರ್ಷ ತರಗತಿಯಲ್ಲಿ ನಿಂತು ಮಾಡಿದ ಕೆಲಸವೇ ಅದು. ಕಾಗದ ಕಳಿಸುವ ಕಚೇರಿಯವರು ನನ್ನ ಬರಹವನ್ನು ನಿಮ್ಮ ಕಾಲದ ಕನ್ನಡಕ್ಕೆ ಹದಗೊಳಿಸುವ ಯಂತ್ರವೊಂದನ್ನು ಮುಂದಿಟ್ಟರು. ಬೇಡವೆಂದೆ. ಒಂದನೆಯ ತರಗತಿಯಿಂದ ಪದವಿಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವಳು ನಾನು. ನನ್ನ ಅಜ್ಜಿಯ ಅಜ್ಜಿಗೆ ಒಂದು ಕಾಗದ ಬರೆಯಲು ನನಗೆ ದುಭಾಷಿಯ ನೆರವು ಬೇಕಾಗಿಲ್ಲ.

ನಮ್ಮಲ್ಲಿ ಎಂಬತ್ತನೆಯ ವರ್ಷಕ್ಕೆ ಕಾಲಿಟ್ಟ ಪ್ರತಿಯೊಬ್ಬರಿಗೂ ಹಿಂದಿನ ಕಾಲಕ್ಕೆ ಒಂದೇ ಒಂದು ಕಾಗದ ಬರೆಯುವ ಹಕ್ಕಿದೆ. ಅದಕ್ಕೆ ಹಿನ್ನೋಲೆ ಎನ್ನುತ್ತೇವೆ. ಅದು ನಿಮ್ಮನ್ನು ಹೇಗೆ ತಲುಪುತ್ತದೆಂದು ನಮ್ಮ ಶಾಲೆಯ ವಿಜ್ಞಾನದ ಗುರುಗಳು ನನಗೆ ಎರಡು ಬಾರಿ ವಿವರಿಸಿದರು. ನಾನು ಎರಡು ಬಾರಿಯೂ ಗಂಭೀರವಾಗಿ ತಲೆಯಾಡಿಸಿದೆ. ಬಹಳಷ್ಟು ಜನ ತಮ್ಮ ಹಿನ್ನೋಲೆಯಲ್ಲಿ ನೀರನ್ನು ಉಳಿಸಿರಿ, ಗಿಡಗಳನ್ನು ಕಡಿಯಬೇಡಿರಿ ಎಂದು ನಿಮ್ಮನ್ನು ಬೇಡಿಕೊಳ್ಳುತ್ತಾರೆ. ಆ ಕಾಗದಗಳನ್ನು ನೀವು ಓದಿದಿರೋ ಇಲ್ಲವೋ, ಗಿಡಗಳಂತೂ ಉಳಿಯಲಿಲ್ಲ. ನಾನು ನನ್ನ ಒಂದೇ ಓಲೆಯನ್ನು ಒಬ್ಬ ಹೆಂಗಸಿನ ನಡಿಗೆಯ ಸಲುವಾಗಿ ಬಳಸುತ್ತಿದ್ದೇನೆ. ಕಚೇರಿಯವರು ಇನ್ನೊಮ್ಮೆ ಯೋಚಿಸಿರಿ ಎಂದರು. ಯೋಚಿಸಿಯೇ ಬಂದಿದ್ದೇನೆ ಎಂದೆ.

ಆ ಹೆಂಗಸಿನ ಹೆಸರು ಕೇದಿಗೆ ಬಣಕಾರ. ಅವಳ ಕಸಬು ತಿಳಿಯಬೇಕಾದರೆ ನಮ್ಮ ಊರಿನ ದಿನಚರಿ ಸ್ವಲ್ಪ ತಿಳಿದಿರಬೇಕು. ಇಲ್ಲಿ ಹಗಲು ಹನ್ನೊಂದರಿಂದ ಸಂಜೆ ಐದರವರೆಗೆ ಯಾರೂ ಬಯಲಿಗೆ ಕಾಲಿಡುವುದಿಲ್ಲ. ಆ ಅವಧಿಗೆ ಉರಿಹೊತ್ತು ಎಂದು ಹೆಸರು. ಶಾಲೆ ಬೆಳಗಿನ ಐದಕ್ಕೆ ಆರಂಭವಾಗಿ ಹತ್ತಕ್ಕೆ ಮುಗಿಯುತ್ತದೆ. ಓಣಿಗಳ ಮೇಲೆ ಮನೆಯಿಂದ ಮನೆಗೆ ದಪ್ಪ ಹತ್ತಿ ಬಟ್ಟೆಯ ಚಪ್ಪರ ಬಿಗಿದಿರುತ್ತೇವೆ. ತಿಂಗಳಿಗೊಮ್ಮೆ ಅದನ್ನು ಇಳಿಸಿ ಧೂಳು ಕೊಡಹುವುದು ಓಣಿಯವರೆಲ್ಲರ ಕರ್ತವ್ಯ. ಬಾರದವರ ಮನೆಯ ಮುಂದಿನ ಚಪ್ಪರವನ್ನು ಎರಡು ದಿನ ಮಡಚಿಡುತ್ತಾರೆ, ಮೂರನೆಯ ದಿನ ಅವರು ಎಲ್ಲರಿಗಿಂತ ಮೊದಲು ಬಂದು ನಿಲ್ಲುತ್ತಾರೆ. ಜೋಳದ ರೊಟ್ಟಿ ಇನ್ನೂ ಇದೆ, ಶೇಂಗಾ ಹಿಂಡಿಯೂ ಇದೆ. ಮೊಸರು ಮಾತ್ರ ಹಬ್ಬದ ಪದಾರ್ಥವಾಗಿದೆ. ಯಂತ್ರದ ನೂಲಿನ ಬಟ್ಟೆಗಳು ಉರಿಗೆ ಕರಗಿ ಮೈಗೆ ಅಂಟತೊಡಗಿದ ಮೇಲೆ, ನನ್ನ ತಾಯಿಯ ಕಾಲದಲ್ಲಿ, ಕೈಮಗ್ಗದ ಹತ್ತಿಗೆ ಮರಳಿ ಮಾನ ಬಂತು. ಇಳಕಲ್ಲಿನ ಸೀರೆ, ನಮ್ಮ ಗುಳೇದಗುಡ್ಡದಲ್ಲಿ ಕುಪ್ಪಸಕ್ಕೆಂದು ನೇಯುವ ಖಣ, ಇವನ್ನು ಹುಡುಕಿಕೊಂಡು ಸಮುದ್ರದಾಚೆಯಿಂದ ವ್ಯಾಪಾರಿಗಳು ಬರುತ್ತಾರೆ.

ಮಾನದ ಹಿಂದೆಯೇ ಮೋಸವೂ ಬಂತು. ಇಲ್ಲದ ಬಟ್ಟೆಯನ್ನು ಇಲ್ಲದ ಹೆಂಗಸಿಗೆ ಉಡಿಸಿ ಚಿತ್ರ ತೋರಿಸುವುದು, ಕೊಂಡವರು ಕಟ್ಟು ಬಿಚ್ಚಿದರೆ ಒಳಗೆ ಬೇರೆಯೇ ಅರಿವೆ. ಬೇಸತ್ತ ನೇಕಾರರ ಸಂಘ ಒಂದು ನಿಯಮ ಮಾಡಿತು: ಯಾವ ಹೊಸ ನೇಯ್ಗೆಯೇ ಆಗಲಿ, ಮೊದಲು ಜೀವಂತ ಮೈಯ ಮೇಲೆ ನೇಕಾರರ ಓಣಿಯಲ್ಲಿ ನಡೆದು ತೋರಬೇಕು, ಆಮೇಲೆಯೇ ಅದಕ್ಕೆ ಮುದ್ರೆ. ಈ ಪದ್ಧತಿಗೆ ಮೈನಡೆ ಎಂದೂ, ಉಟ್ಟು ನಡೆಯುವವಳಿಗೆ ನಡೆಗಾರ್ತಿ ಎಂದೂ ಹೆಸರಾಯಿತು. ನೀವು ರೂಪದರ್ಶಿ ಎನ್ನುತ್ತಿದ್ದಿರಿ. ನಿಮ್ಮ ರೂಪದರ್ಶಿಗಳು ಎತ್ತರದ ವೇದಿಕೆಯ ಮೇಲೆ, ಝಗಝಗಿಸುವ ದೀಪಗಳ ಕೆಳಗೆ, ಯಾರ ಕೈಗೂ ಎಟುಕದಂತೆ ನಡೆಯುತ್ತಿದ್ದರೆಂದು ಓದಿದ್ದೇನೆ. ನಮ್ಮಲ್ಲಿ ಹಾಗಲ್ಲ. ನೇಕಾರ ಮಗ್ಗದ ಕುಣಿಯಿಂದ ಎದ್ದು ಬಂದು ಸೆರಗಿನ ಅಂಚು ಹಿಡಿದು ನೋಡಬಹುದು, ನೆರಿಗೆ ನಿಲ್ಲಲಿಲ್ಲವೆಂದು ಮುಖದ ಮೇಲೆ ಬಯ್ಯಬಹುದು. ನಡಿಗೆ ಮುಗಿದ ಮೇಲೆ ಓಣಿಯ ಹೆಂಗಸರು ನಡೆಗಾರ್ತಿಯ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಒಂದು ಖಣ ಹಾಕಿ ಉಡಿ ತುಂಬುತ್ತಾರೆ. ಉಡಿ ತುಂಬದ ಹೊರತು ಮುದ್ರೆ ಬೀಳುವುದಿಲ್ಲ.

ಕೇದಿಗೆ ಮೂವತ್ತು ವರ್ಷ ಈ ಕೆಲಸ ಮಾಡಿದಳು. ಹುಟ್ಟಿದಾಗ ದಾಖಲೆಯಲ್ಲಿ ಗಂಡೆಂದು ಬರೆಸಿಕೊಂಡು, ತಾನು ಹೆಣ್ಣೆಂದು ಅರಿತು ಹೆಣ್ಣಾಗಿ ಬಾಳಿದವಳು ಅವಳು. ಅಂಥವರನ್ನು ನಿಮ್ಮ ಕಾಲದಲ್ಲಿ ಏನೇನೋ ಹೆಸರಿನಿಂದ ಕರೆಯುತ್ತಿದ್ದಿರಿ. ಕೆಲವನ್ನು ಬರೆಯಲು ನನ್ನ ಲೇಖನಿ ಒಪ್ಪುವುದಿಲ್ಲ. ನಮ್ಮಲ್ಲಿ ತಾನಾದವಳು ಎನ್ನುತ್ತೇವೆ. ಹೆಸರು ಚೆನ್ನಾಗಿದೆ, ಕಾನೂನೂ ಚೆನ್ನಾಗಿದೆ. ಬೀದಿ ಇನ್ನೂ ಅರ್ಧ ದಾರಿಯಲ್ಲಿದೆ. ನೂರೈವತ್ತು ವರ್ಷ ಕಾದರೆ ಎಲ್ಲವೂ ತಾನಾಗಿ ಸರಿಹೋಗುತ್ತದೆಂದು ನಿಮ್ಮಲ್ಲಿ ಯಾರಾದರೂ ಕೈಕಟ್ಟಿ ಕುಳಿತಿದ್ದರೆ, ದಯವಿಟ್ಟು ಎದ್ದು ನಿಲ್ಲಿರಿ.

೨೧೨೦ರಲ್ಲಿ ಅವಳು ನನ್ನ ಎಂಟನೆಯ ತರಗತಿಯಲ್ಲಿದ್ದಳು. ಹಾಜರಿ ಪುಸ್ತಕದಲ್ಲಿ ಆಗ ಇದ್ದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಅದು ಅವಳದಲ್ಲ. ನಾನು ಕನ್ನಡ ಕಲಿಸುತ್ತಿದ್ದೆ, ಜೊತೆಗೆ ಗಣರಾಜ್ಯೋತ್ಸವದ ಪಥಸಂಚಲನವೂ ನನ್ನ ಹೊಣೆಯಾಗಿತ್ತು. ನನ್ನ ಸಾಲುಗಳು ನೂಲು ಹಿಡಿದಂತೆ ನೆಟ್ಟಗಿರುತ್ತವೆಂದು ತಾಲ್ಲೂಕಿನಲ್ಲಿ ಹೆಸರಿತ್ತು. ಆ ವರ್ಷ ಒಂದು ಸಾಲು ಮಾತ್ರ ನೆಟ್ಟಗಾಗಲಿಲ್ಲ. ಅವಳು ನಡೆದರೆ ಎರಡು ಕೈಗಳೂ ನೀರಿನಲ್ಲಿ ಬಿಟ್ಟ ಬಳ್ಳಿಯಂತೆ ತೂಗುತ್ತಿದ್ದವು, ಮಣಿಕಟ್ಟು ಹೊರಕ್ಕೆ ಹೊರಳುತ್ತಿತ್ತು. "ಏ, ಮದಲಗಿತ್ತಿ ಬಂದ್ಳು, ದಾರಿ ಬಿಡ್ರೋ!" ಎಂದು ಹಿಂದಿನ ಸಾಲಿನವರು ಕೂಗುತ್ತಿದ್ದರು. ನಾನು ಒಂದು ಮರದ ಅಡಿಪಟ್ಟಿಯನ್ನು ಅವಳ ಎಡಗೈಯ ಕಂಕುಳಲ್ಲಿ ಸಿಗಿಸಿದೆ. ಪಟ್ಟಿ ಬೀಳದಂತೆ ನೀರಿನ ತೊಟ್ಟಿಯಿಂದ ಧ್ವಜದ ಕಂಬದವರೆಗೆ ನಲವತ್ತು ಸುತ್ತು ನಡೆಯಬೇಕು. ಬಿದ್ದರೆ ಮತ್ತೆ ಒಂದರಿಂದ. ದಿನವೂ, ಶಾಲೆ ಬಿಟ್ಟ ಮೇಲೆ, ಉರಿಹೊತ್ತು ಹತ್ತಿರವಾಗುವವರೆಗೆ. ಅರ್ಧ ವರ್ಷ.

ನಾನು ಕ್ರೂರಿಯಾಗಿರಲಿಲ್ಲ, ಅವಳನ್ನು ಅಪಹಾಸ್ಯದಿಂದ ಕಾಪಾಡುತ್ತಿದ್ದೇನೆಂದೇ ನಂಬಿದ್ದೆ. ನಕ್ಕ ಮೂವತ್ತು ಮಕ್ಕಳನ್ನು ತಿದ್ದುವುದಕ್ಕಿಂತ ನಗೆಗೆ ಈಡಾದ ಒಂದು ಮಗುವನ್ನು ತಿದ್ದುವುದು ಸುಲಭವೆಂದು ಲೆಕ್ಕ ಹಾಕಿದ್ದೆ. ಎಡಗೈ ಕೊನೆಗೂ ಮೈಗೆ ಅಂಟಿ ನಿಂತಿತು. ಬಲಗೈಗೂ ಒಂದು ಪಟ್ಟಿ ಕೊಡಬೇಕೆಂದುಕೊಂಡಿದ್ದೆ. ಅಷ್ಟರಲ್ಲಿ ಅವಳು ಶಾಲೆ ಬಿಟ್ಟಳು.

ಮುಂದಿನ ಏಳೆಂಟು ವರ್ಷದ ಕಥೆಯನ್ನು ಅವಳ ಬಾಯಿಂದಲೇ ಕೇಳಿದ್ದೇನೆ. ಹುಬ್ಬಳ್ಳಿಯ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಅಂಗಡಿಯ ಗಂಡಸರು ಗಿರಾಕಿಗಳ ಮುಂದೆ ಸೀರೆಯನ್ನು ತಮ್ಮ ಅಂಗಿಯ ಮೇಲೆಯೇ ಸುತ್ತಿಕೊಂಡು, ಸೆರಗು ಇಳಿಬಿಟ್ಟು ತೋರಿಸುವ ಪದ್ಧತಿ ನಿಮ್ಮ ಕಾಲದಿಂದಲೂ ನಡೆದುಬಂದದ್ದು. ಅದನ್ನು ನೋಡಿ ಯಾರೂ ನಗುವುದಿಲ್ಲ, ಏಕೆಂದರೆ ಅದು ವ್ಯಾಪಾರ. ಅಂಗಡಿಯವನು ಅವಳನ್ನು ಅದೇ ಕೆಲಸಕ್ಕೆ ನಿಲ್ಲಿಸಿದ. ಒಂದು ದಿನ ಕೆಂಪು ಸೆರಗಿನ ಇಳಕಲ್ ಸೀರೆ ತೋರಿಸಿಯಾದ ಮೇಲೆ ಮಾಲೀಕ, "ಸಾಕು, ಬಿಚ್ಚಿಡು, ಮುಂದಿಂದು ತೋರ್ಸು" ಎಂದ. ಅವಳು, "ಇದ ಇರ್ಲಿ ಬಿಡ್ರಿ ಮಾಲಕ್ರ" ಎಂದಳು. ಕೊಳ್ಳಲು ಬಂದಿದ್ದ ದಪ್ಪನೆಯ ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯ, ಖರೇ ಹೇಳ್ಬೇಕಂದ್ರ ನನಗಿಂತ ಆಕಿಗೇ ಛಂದ ಕಾಣ್ತೈತಿ. ನನಗ ಬ್ಯಾರೆ ತಗೀರಿ" ಎಂದಳಂತೆ. ಅವಳ ವೃತ್ತಿ ಆರಂಭವಾದದ್ದು ಆ ಮಾತಿನಿಂದ. ಕೇದಿಗೆ ಎಂಬ ಹೆಸರನ್ನೂ ಆ ವಾರವೇ ಇಟ್ಟುಕೊಂಡಳು.

ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅವಳು ಗುಳೇದಗುಡ್ಡದಲ್ಲಿ ಮೊದಲ ಮೈನಡೆಗೆ ಬಂದಳು. ನಾನು ಓಣಿಯ ಕಟ್ಟೆಯ ಮೇಲೆ ಕುಳಿತಿದ್ದೆ. ಬಂದವಳು ಯಾರೆಂದು ಮುಖ ನೋಡಿ ತಿಳಿಯಲಿಲ್ಲ; ಎಡಗೈ ನೋಡಿ ತಿಳಿಯಿತು. ಬಲಗೈ ಅಂದಿನಂತೆಯೇ ಹರಿಯುತ್ತಿತ್ತು, ಎಡಗೈ ಪಟ್ಟಿ ಹಿಡಿದಂತೆ ಮೈಗೆ ಹತ್ತಿತ್ತು, ಆ ಎಡಗೈಯ ಮೇಲಿಂದ ಇಳಿದ ಸೆರಗು ಒಂದಿಷ್ಟೂ ಅಲುಗದೆ, ಮಗ್ಗದ ಮೇಲೆ ಬಿಗಿದಂತೆ, ತನ್ನ ಪ್ರತಿಯೊಂದು ಗೆರೆಯನ್ನೂ ತೋರಿಸುತ್ತಿತ್ತು. ನೇಕಾರರು ಮಗ್ಗ ನಿಲ್ಲಿಸಿ ನೋಡಿದರು. ನಡಿಗೆ ಮುಗಿಯಿತು. ಅವಳು ಸೆರಗೊಡ್ಡಿ ನಿಂತಳು. ಹೆಂಗಸರ ಕೈಯಲ್ಲಿ ಅಕ್ಕಿ ಇತ್ತು. ಯಾರೂ ಮುಂದೆ ಬರಲಿಲ್ಲ. ಒಬ್ಬಳು ಇನ್ನೊಬ್ಬಳನ್ನು ನೋಡಿದಳು, ಇನ್ನೊಬ್ಬಳು ನೆಲ ನೋಡಿದಳು. ಆಗ ತುಳಜವ್ವನೆಂಬ ನೇಕಾರ ಮುದುಕಿ ಕೋಲೂರಿ ಎದ್ದಳು. "ಯಾಕ ನಿಂತ್ರ್ಯವಾ? ಆಕಿ ನಡದಾಗ ಬಾಯಿ ತಕ್ಕೊಂಡು ನೋಡಿದ್ರಿ, ಈಗ ಕೈಯಾಗಿನ ಅಕ್ಕಿ ಭಾರ ಆತೇನು? ನಾ ನೇಯ್ದ ಸೀರಿ ಆಕಿ ಮೈಮ್ಯಾಲ ನಿಂತೈತಿ. ಸೀರಿಗೆ ಗೊತ್ತಾಗಿದ್ದು ನಿಮಗ ಗೊತ್ತಾಗವಲ್ದು!" ಎಂದು ಬೈದು, ಮೊದಲ ಹಿಡಿ ಅಕ್ಕಿಯನ್ನು ತಾನೇ ಹಾಕಿದಳು. ಆಮೇಲೆ ಉಳಿದವರು ನಾ ಮುಂದು ತಾ ಮುಂದು ಎಂದು ಬಂದರು. ನಾನು ಕಟ್ಟೆಯಿಂದ ಇಳಿಯಲಿಲ್ಲ. ಇದನ್ನೂ ಬರೆದಿಡುತ್ತಿದ್ದೇನೆ. ಅವಳೇ ತುಂಬಿದ ಉಡಿಯೊಂದಿಗೆ ನನ್ನ ಮುಂದೆ ಬಂದು ನಿಂತು, ಕಣ್ಣರಳಿಸಿ, "ಅಕ್ಕೋರ, ಪಟ್ಟಿ ಬೀಳಲಿಲ್ಲ ನೋಡ್ರಿ" ಎಂದಳು. ಸುತ್ತಲಿದ್ದವರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

ಆ ಎಡಗೈ ಅವಳನ್ನು ಬಹಳ ದೂರ ಕರೆದೊಯ್ದಿತು. ಕೊಲಂಬೊ, ನೈರೋಬಿ, ಲಿಸ್ಬನ್. ಅವಳು ನಡೆದ ಊರುಗಳ ಹೆಸರನ್ನು ನಾನು ಭೂಪಟದಲ್ಲಿ ಹುಡುಕಿ ಗುರುತು ಹಾಕುತ್ತಿದ್ದೆ. ನಡಿಗೆ ಕಲಿಸುವ ಶಾಲೆಗಳಲ್ಲಿ ಹೊಸ ಹುಡುಗಿಯರಿಗೆ ಎಡಗೈಯನ್ನು ಹಾಗೆ ನಿಲ್ಲಿಸುವುದನ್ನು ಪಾಠವಾಗಿ ಹೇಳಿಕೊಟ್ಟರು. ಅದಕ್ಕೆ ಕೇದಿಗೆ ಹಿಡಿ ಎಂದು ಹೆಸರಿಟ್ಟರು. ಅದನ್ನು ಎಲ್ಲಿ ಕಲಿತೆ ಎಂದು ಕೇಳಿದವರಿಗೆ ಅವಳು ಅಡಿಪಟ್ಟಿಯ ಕಥೆ ಹೇಳುತ್ತಿದ್ದಳು, ನನ್ನ ಹೆಸರೊಂದನ್ನು ಬಿಟ್ಟು. ಒಬ್ಬ ದೊಡ್ಡ ವ್ಯಾಪಾರಿ ಅವಳ ಗಂಟಲಿನ ಉಬ್ಬು ಕಾಣದಂತೆ ಅಗಲವಾದ ಕಂಠಾಭರಣ ಕೊಟ್ಟ; ಅವಳು ಬಾಗಿಲವರೆಗೆ ಅದನ್ನು ಧರಿಸಿ ಹೋಗಿ, ಜನರೆದುರಿಗೆ ತೆಗೆದು ಅವನ ಕೈಗೇ ಕೊಟ್ಟು, ಬರಿಗೊರಳಿನಲ್ಲಿ ನಡೆದಳು. ಮರುದಿನ ಒಂದು ಪತ್ರಿಕೆ ಅವಳ ಭುಜಗಳನ್ನು ಹಮಾಲರ ಭುಜಗಳಿಗೆ ಹೋಲಿಸಿತು. ಅವಳು ಆ ಪತ್ರಿಕೆಗೆ ಎರಡೇ ಸಾಲು ಬರೆದಳು: ನನ್ನಪ್ಪ ಬಾಗಲಕೋಟೆಯ ಸಂತೆಯಲ್ಲಿ ಹಮಾಲನಾಗಿದ್ದ, ಹೋಲಿಕೆ ಸರಿಯಾಗಿದೆ, ವಂದನೆಗಳು. ನಾನು ಆ ಎರಡು ಸಾಲನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ನನ್ನ ಯಾವ ವಿದ್ಯಾರ್ಥಿಯೂ ಅಷ್ಟು ಬಿಗಿಯಾದ ಗದ್ಯ ಬರೆದದ್ದಿಲ್ಲ.

ಐವತ್ತೊಂದಕ್ಕೆ ಮೊಣಕಾಲು ಕೈಕೊಟ್ಟಿತು. ಊರಿಗೆ ಮರಳಿ, ನನ್ನ ಮನೆಯಿಂದ ನಾಲ್ಕನೆಯ ಬಾಗಿಲಲ್ಲಿ ಮನೆ ಮಾಡಿದಳು. ಈಗ ಕೋಲಿಲ್ಲದೆ ಬಚ್ಚಲಿಗೂ ಹೋಗಲಾರಳು.

ಬಾಗಲಕೋಟೆಯಲ್ಲಿ ನಡೆಮನೆ ಎಂಬ ಕಟ್ಟಡವಿದೆ. ಹೆಸರಾಂತ ನಡೆಗಾರ್ತಿಯರ ನೆರಳಚ್ಚುಗಳನ್ನು ಅಲ್ಲಿ ಕಾಪಿಡುತ್ತಾರೆ. ನೆರಳಚ್ಚು ಎಂದರೆ ಬೆಳಕಿನಿಂದ ಎತ್ತಿದ ಪೂರ್ತಿ ಮೈಯ ಪ್ರತಿ. ನಿಮ್ಮ ಕಣ್ಣೆದುರಿಗೆ ಜೀವಂತ ಹೆಂಗಸಿನಂತೆ ಕೋಣೆಯ ತುಂಬ ನಡೆದಾಡುತ್ತದೆ. ಶಾಲೆಯ ಮಕ್ಕಳನ್ನು ಸಾಲಾಗಿ ಕರೆದೊಯ್ದು ತೋರಿಸುತ್ತಾರೆ. ಕೇದಿಗೆಯ ನೆರಳಚ್ಚನ್ನು ಅವಳ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಎತ್ತಿಟ್ಟಿದ್ದರು. ನಡಿಗೆ ನಿಲ್ಲಿಸಿ ಐದು ವರ್ಷವಾದ ಮೇಲೆಯೇ ಅದನ್ನು ಹೊರತೆಗೆಯುವುದು ರೂಢಿ. ಅದನ್ನು ಜನರಿಗೆ ತೆರೆಯುವ ಮೊದಲು, ನಡೆಗಾರ್ತಿಯನ್ನು ಬಾಲ್ಯದಿಂದ ಬಲ್ಲವರೊಬ್ಬರು ನೋಡಿ, ಇದು ಅವಳೇ ಎಂದು ರುಜು ಹಾಕಬೇಕು. ಅದಕ್ಕೆ ಕಂಡವರ ಸಹಿ ಎನ್ನುತ್ತಾರೆ. ಅವಳ ತಂದೆತಾಯಿ ತೀರಿದ್ದಾರೆ. ಅಣ್ಣಂದಿರು ಅವಳನ್ನು ಬಲ್ಲೆವೆಂದು ಹೇಳಲೊಪ್ಪಲಿಲ್ಲ. ಉಳಿದವಳು ನಾನೊಬ್ಬಳೇ. ಹೊರತೆಗೆದ ವರ್ಷದ ಕೊನೆಯ ಬಿಡಿದಿನಗಳೊಳಗೆ ಸಹಿ ಬೀಳದ ನೆರಳಚ್ಚನ್ನು ನಿಯಮದಂತೆ ಅಳಿಸಿಬಿಡುತ್ತಾರೆ.

ಕಳೆದ ನವೆಂಬರಿನಲ್ಲಿ ನಡೆಮನೆಯ ಅಧಿಕಾರಿ ಸುಹಿತ ಗಚ್ಚಿನಮಠ ಎಂಬ ತರುಣ ನನ್ನನ್ನು ಕರೆಸಿದ. ಸಭ್ಯ ಹುಡುಗ, ಎದ್ದು ನಿಂತು ಕುರ್ಚಿ ಎಳೆದುಕೊಟ್ಟ. ಗೋಡೆಯ ಬಳಿಯಿಂದ ಒಬ್ಬ ಹೆಂಗಸು ನಡೆದು ಬಂದಳು. ಕಿರಿದಾದ ಭುಜ, ನುಣುಪಾದ ಗಂಟಲು, ಚಿಕ್ಕ ಅಂಗೈ. ಎರಡು ಕೈಗಳೂ ಗಡಿಯಾರದ ಲೋಲಕದಂತೆ ಸಮವಾಗಿ ತೂಗುತ್ತಿದ್ದವು. ಸುಂದರಿ. ಯಾರಪ್ಪಾ ಈಕೆ ಎಂದು ಕೇಳಿದೆ.

"ಕೇದಿಗೆ ಅವರರೀ ಅಕ್ಕೋರ. ಸಮಿತಿಯವರು ಸ್ವಲ್ಪ ಗೌರವದ ತಿದ್ದುಪಡಿ ಮಾಡ್ಯಾರ. ನಾಳೆ ಮಕ್ಕಳು ನೋಡಿದಾಗ ಯಾರೂ ಬಟ್ಟು ಮಾಡಿ ತೋರಿಸಬಾರದು, ನಗಬಾರದು. ಅವರು ಹೆಣ್ಣಾಗಿ ಬಾಳ್ಯಾರ, ಹೆಣ್ಣಾಗೇ ಕಾಣಲಿ ಅಂತ."

ನಾನು ಹೇಳಿದೆ: "ತಮ್ಮಾ, ಅವಳು ಹೆಣ್ಣಾಗಿ ಕಾಣಾಕ ನಿಮ್ಮ ಸಮಿತಿ ಬೇಕಾಗಿಲ್ಲ. ನಗೋ ಮಕ್ಕಳಿಗೆ ಬುದ್ಧಿ ಹೇಳೋದು ಬಿಟ್ಟು ನಗಿಸಿಕೊಳ್ಳೋರನ್ನ ತಿದ್ದೋ ಈ ಲೆಕ್ಕ ನಾನೂ ಒಮ್ಮೆ ಹಾಕೀನಿ. ಉತ್ತರ ತಪ್ಪು."

ಅವನು ತುಸು ಹೊತ್ತು ಮೇಜಿನ ಮೇಲಿನ ಕಾಗದ ಸರಿಪಡಿಸಿದ. ಆಮೇಲೆ ದನಿ ತಗ್ಗಿಸಿ, "ಪಟ್ಟಿ ಕೊಟ್ಟ ಅಕ್ಕೋರು ಯಾರಂತ ಜನ ಕೇಳ್ತಾರ್ರೀ. ಕೈ ಸರಿಯಾದ್ರ ಯಾರೂ ಕೇಳೂದಿಲ್ಲ. ನಿಮಗೂ ಛಲೋ ಅಲ್ರೀ?" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನನ್ನ ಜೀವನದಲ್ಲಿ ಯಾರೂ ನನಗೆ ಅಷ್ಟು ಮೃದುವಾಗಿ ಅಷ್ಟು ದೊಡ್ಡ ಅವಮಾನ ಮಾಡಿರಲಿಲ್ಲ. ಅವಳ ಮೈಯಿಂದ ನನ್ನ ತಪ್ಪನ್ನು ಒರೆಸಿ ನನ್ನನ್ನು ಒಳ್ಳೆಯ ಶಿಕ್ಷಕಿಯನ್ನಾಗಿ ಮಾಡುತ್ತೇನೆಂದು ಅವನು ಹೇಳುತ್ತಿದ್ದ. ಮೂವತ್ತೇಳು ವರ್ಷ ಕೆಂಪು ಶಾಯಿ ಹಿಡಿದವಳು ನಾನು. ತಿದ್ದುವುದು ನನಗೆ ಗೊತ್ತು. ತಪ್ಪಿದ್ದಲ್ಲಿ ತಿದ್ದಬೇಕು. ತಪ್ಪಿಲ್ಲದ ಕಡೆ ಎಳೆದ ಕೆಂಪು ಗೆರೆ ತಿದ್ದಿದವರದೇ ತಪ್ಪು, ಅದು ಅಲ್ಲಿಯೇ ಉಳಿದು ಎಲ್ಲರಿಗೂ ಕಾಣಬೇಕು. ಚಿತ್ರಗಳು ಸುಳ್ಳು ಹೇಳುತ್ತವೆಂದು ಮೈನಡೆಯನ್ನು ಕಟ್ಟಿದ ಜನ ನಾವು. ಆ ಮೈನಡೆಯಲ್ಲೇ ದೊಡ್ಡವಳಾದವಳ ಚಿತ್ರಕ್ಕೆ ಸುಳ್ಳು ಹೇಳಲು ಕಲಿಸಿದ್ದಾರೆ! ಇದ್ದದ್ದನ್ನು ಇದ್ದಂತೆ ತೋರಿಸುವುದಾದರೆ ಈ ಕ್ಷಣವೇ ಸಹಿ ಹಾಕುತ್ತೇನೆಂದೆ. ಸಮಿತಿ ಒಪ್ಪುವುದಿಲ್ಲ, ತಿದ್ದಿದ್ದು ಇಲ್ಲವೇ ಏನೂ ಇಲ್ಲ ಎಂದ.

ಊರಿಗೆ ಬಂದು ಕೇದಿಗೆಯ ಬಾಗಿಲು ತಟ್ಟಿದೆ. ಸಹಿ ನನ್ನದಾದರೂ ಅಳಿಸಿಹೋಗುವವಳು ಅವಳು. ಮೂವತ್ತು ವರ್ಷದ ನಡಿಗೆ ಎಲ್ಲಿಯೂ ಇಲ್ಲವಾಗುವುದೆಂದರೆ ಸಣ್ಣ ಮಾತಲ್ಲ. ಅವಳು ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಎಲ್ಲವನ್ನೂ ಕೇಳಿದಳು. ಭುಜ ಎಷ್ಟು ಸಣ್ಣ ಮಾಡಿದ್ದಾರೆ ಎಂದು ಕೇಳಿದಳು. ಕೈಯಿಂದ ಅಳೆದು ತೋರಿಸಿದೆ. "ಅಯ್ಯ! ಅಷ್ಟ ಸಣ್ಣ ಭುಜದ ಮ್ಯಾಲ ತುಳಜವ್ವನ ಸೀರಿ ನಿಲ್ತೈತೇನ್ರಿ? ಜಾರಿ ನೆಲಕ್ಕ ಬೀಳ್ತೈತಿ" ಎಂದು ನಕ್ಕಳು. ನಗು ನಿಂತ ಮೇಲೆ ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ನಾ ಸಣ್ಣಾಕಿದ್ದಾಗ ಎಲ್ಲೂ ನನ್ನಂಥಾಕಿ ಒಬ್ಬಾಕಿನೂ ಕಾಣಲಿಲ್ರಿ ಅಕ್ಕೋರ. ಕಂಡಿದ್ರ ಅಷ್ಟ ಅಂಜ್ತಿರಲಿಲ್ಲ. ಈಗ ಅಂಥಾ ಹುಡುಗಿ ಒಬ್ಬಾಕಿ ನಡೆಮನಿಗೆ ಬಂದು ಆ ಗೊಂಬಿ ನೋಡಿದ್ರ, ಓಹೋ, ಹಿಂಗ ಕೆತ್ತಿಸಿಕೊಂಡ್ರ ಮಾತ್ರ ಒಳಗ ಬಿಡ್ತಾರ ಅಂತ ತಿಳಕೋತಾಳ. ಅದಕಿಂತ ಖಾಲಿ ಕೋಣಿ ಛಲೋ. ಆದ್ರ ಸಹಿ ನಿಮ್ದು. ನಾ ಹೇಳಾಂಗಿಲ್ಲ."

ನಾನು ಅಂದು ಅವಳಲ್ಲಿ ಕ್ಷಮೆ ಕೇಳಿದೆ. ನಲವತ್ತಮೂರು ವರ್ಷ ತಡವಾಗಿ. ಅವಳು ಎಣ್ಣೆಯ ಕೈಯನ್ನು ಬೀಸಿ, "ಕ್ಷಮಾ ಗಿಮಾ ಇರ್ಲಿ, ಅದನ್ನ ನಾ ಇನ್ನೂ ಯೋಚನಿ ಮಾಡಾಕ್ಹತ್ತೀನಿ. ಚಾ ಕುಡೀತೀರೇನು?" ಎಂದಳು. ಕುಡಿದೆ. ಶಿಕ್ಷೆಯೊಂದು ಕಲೆಯಾಗಿ ಅರಳಿತೆಂದು ಕೆಲವರು ನನ್ನನ್ನು ಸಮಾಧಾನಪಡಿಸುತ್ತಾರೆ. ಆ ಸಮಾಧಾನ ನನಗೆ ಬೇಡ. ನಾನು ಕೊಟ್ಟದ್ದು ಪಟ್ಟಿ. ಉಳಿದದ್ದೆಲ್ಲ ಅವಳು ಮಾಡಿಕೊಂಡದ್ದು.

ವರ್ಷದ ಕೊನೆಯ ಬಿಡಿದಿನದಂದು ಬಾಗಲಕೋಟೆಗೆ ಹೋಗಿ, ಸಹಿಯ ಜಾಗದಲ್ಲಿ 'ಇದು ಅವಳಲ್ಲ' ಎಂದು ಬರೆದು ಬಂದೆ. ಸಂಜೆ ಆರಕ್ಕೆ ಅಳಿಸಿದರು. ತಿದ್ದಿದ ಪ್ರತಿಯ ಜೊತೆಗೆ ಮೂಲವೂ ಹೋಯಿತು. ಸುಹಿತ ನನ್ನನ್ನು ಬಾಗಿಲವರೆಗೆ ಬಿಡಲು ಬಂದ. ಅವನ ಮುಖ ನೋಡಲಾಗಲಿಲ್ಲ. ಆಮೇಲೆ ನನಗೆ ಒಂದು ವಿಷಯ ಹೊಳೆಯಿತು. ಸಮಿತಿಯ ಅಧಿಕಾರ ಮುಂದಿನ ಕಾಲದ ಮೇಲೆ ಮಾತ್ರ ನಡೆಯುತ್ತದೆ. ನಾಳೆಯ ಮಕ್ಕಳು ಏನನ್ನು ನೋಡಬೇಕೆಂದು ಅವರು ತೀರ್ಮಾನಿಸಬಲ್ಲರು. ಆಗಿಹೋದ ಕಾಲದ ಒಂದು ಕೂದಲನ್ನೂ ಅವರು ಕೊಂಕಿಸಲಾರರು. ಹಿಂದಕ್ಕೆ ಹೋದ ಓಲೆಗೆ ತಿದ್ದುಪಡಿ ಇಲ್ಲ. ಆದ್ದರಿಂದ ಕೇದಿಗೆಯನ್ನು ನಿಮ್ಮಲ್ಲಿ ಇಡುತ್ತಿದ್ದೇನೆ. ಗಮನವಿಟ್ಟು ಓದಿರಿ. ಈ ಭಾಗವನ್ನು ನಾನೇ ಅವಳಿಗೆ ಓದಿ ಹೇಳಿ, ಅವಳು ಹೇಳಿದಂತೆ ಮೂರು ಬಾರಿ ಹೊಸದಾಗಿ ಬರೆದಿದ್ದೇನೆ.

ಎತ್ತರ ಐದು ಅಡಿ ಹತ್ತು ಅಂಗುಲ. ಭುಜಗಳು ಅಗಲ, ಎಡಭುಜ ಬಲಕ್ಕಿಂತ ಕೂದಲೆಳೆಯಷ್ಟು ಮೇಲೆ. ಗಂಟಲಿನಲ್ಲಿ ಉಬ್ಬು ಇದೆ. ನುಂಗುವಾಗ ಏರಿಳಿಯುತ್ತದೆ, ಅದನ್ನು ಮುಚ್ಚುವುದಿಲ್ಲ. ಅಂಗೈ ದೊಡ್ಡದು, ಬೆರಳ ಗೆಣ್ಣುಗಳು ಎದ್ದು ಕಾಣುತ್ತವೆ. ಮೊದಲ ಹೆಜ್ಜೆ ಬಲಗಾಲಿನದು. ಹಿಮ್ಮಡಿ ನೆಲಕ್ಕೆ ತಾಗುವ ಮೊದಲು ಒಂದು ಉಸಿರಿನಷ್ಟು ತಡೆ ಇದೆ. ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಂದವರಂತೆ. ಬಲಗೈ ಭುಜದಿಂದ ಸಡಿಲವಾಗಿ ಮುಂದೆ ಹೋಗುತ್ತದೆ, ಮಣಿಕಟ್ಟು ಹೊರಕ್ಕೆ ಹೊರಳುತ್ತದೆ, ಮರಳುವಾಗ ಬೆರಳುಗಳು ಎಲ್ಲಕ್ಕಿಂತ ಕೊನೆಗೆ ಮರಳುತ್ತವೆ. ಎಡಗೈ ಮೊಣಕೈವರೆಗೆ ಪಕ್ಕೆಗೆ ಹತ್ತಿರುತ್ತದೆ, ಒತ್ತಿರುವುದಿಲ್ಲ, ಹತ್ತಿರುತ್ತದೆ. ಸೆರಗು ಅದರ ಮೇಲಿಂದ ನೇರವಾಗಿ ಇಳಿಯುತ್ತದೆ. ಕಣ್ಣು ನೆಲ ನೋಡುವುದಿಲ್ಲ, ಆಕಾಶವನ್ನೂ ನೋಡುವುದಿಲ್ಲ. ಎದುರಿಗೆ ಕುಳಿತವರ ಕಣ್ಣನ್ನೇ ನೋಡುತ್ತದೆ, ಮತ್ತು ಅವರು ಮೊದಲು ಕಣ್ಣು ತಗ್ಗಿಸುವವರೆಗೆ ಬಿಡುವುದಿಲ್ಲ. ಓಣಿಯ ತುದಿಯಲ್ಲಿ ತಿರುಗುವಾಗ ಇಡೀ ಮೈ ಒಮ್ಮೆಗೇ ತಿರುಗುತ್ತದೆ, ಎಡಗೈ ಆಗಲೂ ಬಿಡುವುದಿಲ್ಲ. ನಗು ಇಲ್ಲ. ಕೆಲಸ ಮಾಡುವಾಗ ಯಾಕ ನಗಬೇಕು ಎನ್ನುತ್ತಾಳೆ.

ಇಷ್ಟೇ. ಇದು ಕೇದಿಗೆ.

ನಿಮ್ಮಲ್ಲಿ ಶಿಕ್ಷಕರಾದವರಿಗೆ ನನ್ನದೊಂದು ಕೋರಿಕೆಯಿದೆ. ಕೋರಿಕೆ ಎನ್ನುವುದಕ್ಕಿಂತ ಆಜ್ಞೆ ಎಂದೇ ತಿಳಿಯಿರಿ, ವಯಸ್ಸಿನಲ್ಲಿ ನಾನು ನಿಮಗಿಂತ ಬಹಳ ಚಿಕ್ಕವಳಾದರೂ. ನಿಮ್ಮ ಸಾಲಿನಲ್ಲಿ ಒಂದು ಮಗುವಿನ ಕೈ ಬೇರೆ ರೀತಿಯಲ್ಲಿ ತೂಗುತ್ತಿದ್ದರೆ, ಹಿಂದಿನ ಸಾಲಿನ ಕಡೆ ತಿರುಗಿ ನಗುವವರನ್ನು ನಿಲ್ಲಿಸಿರಿ. ಅಷ್ಟು ಮಾಡಲು ಆಗದಿದ್ದರೆ ಸುಮ್ಮನಿರಿ. ಪಟ್ಟಿಯನ್ನಂತೂ ಕೈಗೆ ತೆಗೆದುಕೊಳ್ಳಬೇಡಿರಿ. ಎಡಗೈ ನಿಂತ ಕೇದಿಗೆಯನ್ನು ಲೋಕ ನೋಡಿತು. ಎರಡೂ ಕೈ ತೂಗುವ ಕೇದಿಗೆ ಹೇಗೆ ನಡೆಯುತ್ತಿದ್ದಳೋ ಯಾರೂ ನೋಡಲಿಲ್ಲ, ಅವಳೂ ನೋಡಿಕೊಳ್ಳಲಿಲ್ಲ. ಅದನ್ನು ಕೆಡಿಸಿದವಳು ನಾನು. ನಿಮ್ಮ ಕೈಯಲ್ಲಿ ಇನ್ನೂ ಕೆಡದ ಮಕ್ಕಳಿದ್ದಾರೆ.

ಈ ಓಲೆಯನ್ನು ಇನ್ನೊಬ್ಬರಿಗೆ ಓದಿ ಹೇಳುವಾಗ ಭುಜವನ್ನು ಕಿರಿದು ಮಾಡಬೇಡಿರಿ, ಗಂಟಲನ್ನು ಬಿಟ್ಟು ಓದಬೇಡಿರಿ. ಯಾರಾದರೂ ನಕ್ಕರೆ ಓದುವುದನ್ನು ನಿಲ್ಲಿಸಿ ಅವರ ಕಣ್ಣು ನೋಡಿರಿ. ಅವರು ತಗ್ಗಿಸುವವರೆಗೆ ಕಾಯಿರಿ. ಆಮೇಲೆ ಮುಂದುವರಿಸಿರಿ.

ಮೇಲೆ ಬರೆದದ್ದೆಲ್ಲವನ್ನೂ ಅವಳ ಹದಿಮೂರನೆಯ ವಯಸ್ಸಿನಿಂದ ಕಣ್ಣಾರೆ ಕಂಡಿದ್ದೇನೆ. ಇದು ಅವಳೇ.

ಕಂಡವಳ ಸಹಿ,
ನೀಲಗಂಗಾ ಕವಡಿಮಟ್ಟಿ
ನಿವೃತ್ತ ಕನ್ನಡ ಶಿಕ್ಷಕಿ